ಕೋಡಿಮಠದ ಪಂಕ್ತಿಯಲ್ಲಿ ಯಾರು ಯಾರು ಇದ್ದರು?

ಶಾಲೆ, ಹಾಸ್ಟೆಲ್, ದವಾಖಾನೆ, ಛತ್ರ ಎಲ್ಲವೂ ಒಂದೇ ಆವರಣದಲ್ಲಿದ್ದರೆ ಹೇಗಿರುತ್ತದೆ ಮಕ್ಕಳೇ? 860 ವರ್ಷಕ್ಕೂ ಹಿಂದೆ ನಮ್ಮ ಕನ್ನಡ ನಾಡಿನಲ್ಲೇ ಅಂಥದ್ದೊಂದು ಮಠ ಇತ್ತು. ಅದೇ ಬಳ್ಳಿಗಾವಿಯ ಕೋಡಿಮಠ.

ಬಳ್ಳಿಗಾವಿ ಇರುವುದು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿ, ಶಿರಾಳಕೊಪ್ಪದ ಹತ್ತಿರ. ನಮ್ಮ ಯಾಪಲದಿನ್ನಿಯಿಂದ ಬಹಳ ದೂರ. ಆದರೆ ಆಗ ರಾಯಚೂರು ಸೀಮೆಯೂ ಬಳ್ಳಿಗಾವಿಯೂ ಕಲ್ಯಾಣದ ಅರಸರ ಆಳ್ವಿಕೆಗೇ ಸೇರಿದ್ದವು. ನಮ್ಮೂರ ಹೆಸರಿನ ‘ದಿನ್ನಿ’ ಎಂದರೆ ದಿಬ್ಬ. ಹಾಗೆಯೇ ‘ಕೋಡಿ’ ಎಂದರೆ ಕೆರೆ ತುಂಬಿದಾಗ ಹೆಚ್ಚಿನ ನೀರು ಹರಿದುಹೋಗುವ ಜಾಗ. ಕೆರೆಯ ಕೋಡಿಯ ಬಳಿ ಇದ್ದದ್ದರಿಂದ ಮಠಕ್ಕೆ ಆ ಹೆಸರು.

ಮಠಕ್ಕೆ ಸೇರಿದ ಕೇದಾರೇಶ್ವರ ಗುಡಿ ಇಂದಿಗೂ ನಿಂತಿದೆ. ಮೂರು ಗರ್ಭಗುಡಿಗಳ ತ್ರಿಕೂಟ ಅದು. ಎರಡರಲ್ಲಿ ಲಿಂಗ, ಒಂದರಲ್ಲಿ ವಿಷ್ಣು. ಬಳಪದ ಕಲ್ಲಿನ ಕಂಬಗಳು ತಿರುಗಣೆಗೆ ಹಾಕಿ ಕಡೆದಂತೆ ನುಣುಪಾಗಿವೆ. ಶಿಖರದ ಮುಂಭಾಗದಲ್ಲಿ ಸಿಂಹದೊಡನೆ ಸೆಣಸುವ ಸಳ ಇದ್ದಾನೆ. ಗುಡಿ ಚೆಂದವೇ, ಆದರೆ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು 1162ರ ಶಾಸನ.

ಆ ವರ್ಷ ಕಳಚುರಿ ದೊರೆ ಬಿಜ್ಜಳ ದಂಡಯಾತ್ರೆಯಲ್ಲಿ ಬಂದು ಬಳ್ಳಿಗಾವಿಯಲ್ಲಿ ಬೀಡುಬಿಟ್ಟಿದ್ದ. ಆಗ ಮಠದ ಆಚಾರ್ಯರು ವಾಮಶಕ್ತಿ ಪಂಡಿತರು. ಅವರು ಕಾಳಾಮುಖ ಶೈವರು, ಲಕುಲೀಶನ ಪರಂಪರೆಯವರು. ದೊರೆ ಮಠಕ್ಕೆ ದತ್ತಿ ಬಿಟ್ಟ. ಬ್ಯಾಂಕಿನಲ್ಲಿ ಕೆಲಸ ಮಾಡಿದವನಿಗೆ ಇದು ತಕ್ಷಣ ಅರ್ಥವಾಗುತ್ತದೆ: ಅಸಲು ಮುಟ್ಟುವಂತಿಲ್ಲ, ಅದರ ಹುಟ್ಟುವಳಿಯಲ್ಲೇ ಪೂಜೆ, ಪಾಠ, ಊಟ ಎಲ್ಲವೂ ನಡೆಯಬೇಕು!

ಶಾಸನ ಮಠವನ್ನು ಬಣ್ಣಿಸುವ ಬಗೆ ನೋಡಿ. ನಾಲ್ಕು ವೇದ, ಪಾಣಿನಿ ಮತ್ತು ಶಾಕಟಾಯನರ ವ್ಯಾಕರಣ, ನ್ಯಾಯ, ಸಾಂಖ್ಯ, ಯೋಗ, ಹದಿನೆಂಟು ಪುರಾಣ, ಕಾವ್ಯ, ನಾಟಕ ಎಲ್ಲಕ್ಕೂ ಅಲ್ಲಿ ಪಾಠವಿತ್ತು. ಶೈವ ಮಠದಲ್ಲಿ ಬೌದ್ಧ ದರ್ಶನವನ್ನೂ ಓದುತ್ತಿದ್ದರು. ಶಾಕಟಾಯನ ಜೈನ ಪಂಡಿತ ಎಂಬುದೂ ನೆನಪಿರಲಿ.

ಇನ್ನು ಊಟ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಹಾಡುವವರು, ವಾದ್ಯ ನುಡಿಸುವವರು, ಕುಣಿಯುವವರು, ಜೈನ ಕ್ಷಪಣಕರು, ಏಕದಂಡಿ, ತ್ರಿದಂಡಿ ಸನ್ಯಾಸಿಗಳು, ದೇಶದೇಶದ ಭಿಕ್ಷುಕರು, ಇವರೆಲ್ಲರಿಗೂ ಅಲ್ಲಿ ಅನ್ನ. ದಿಕ್ಕಿಲ್ಲದ ರೋಗಿಗಳಿಗೆ ಔಷಧೋಪಚಾರ. ಸಕಲ ಪ್ರಾಣಿಗಳಿಗೂ ಅಭಯ. ಅಜ್ಜಿಯರೇ, ಇಷ್ಟು ಜನರಿಗೆ ಒಲೆ ಎಷ್ಟು ಹೊತ್ತಿಗೆ ಹಚ್ಚುತ್ತಿದ್ದರೋ ನೀವೇ ಅಂದಾಜು ಮಾಡಿ.

ಅದೇ ಕಾಲದಲ್ಲಿ ದೂರದ ಅರ್ಮೇನಿಯ ದೇಶದ ಬೆಟ್ಟಗಳಲ್ಲಿ ಸನಾಹಿನ್, ಹಘ್ಪಾತ್ ಎಂಬ ಕ್ರೈಸ್ತ ಮಠಗಳು ಹೆಸರಾಗಿದ್ದವು. ಸನ್ಯಾಸಿಗಳು ಅಲ್ಲಿಯೂ ಪಾಠ ಹೇಳುತ್ತಿದ್ದರು, ಗ್ರಂಥಗಳನ್ನು ನಕಲು ಮಾಡುತ್ತಿದ್ದರು. ಸನಾಹಿನ್‌ನಲ್ಲಿ 1063ರಲ್ಲಿ ಕಟ್ಟಿದ ಕಲ್ಲಿನ ಪುಸ್ತಕಶಾಲೆ ಈಗಲೂ ಇದೆ. ಅವರ ಪುಸ್ತಕದ ಕೋಣೆ ಉಳಿಯಿತು. ನಮ್ಮ ಕೋಡಿಮಠದ ಪಾಠದ ಜಾಗ, ಅಡಿಗೆಮನೆ, ರೋಗಿಗಳು ಮಲಗುತ್ತಿದ್ದ ಜಾಗ ಯಾವುದೂ ಉಳಿಯಲಿಲ್ಲ.

ಉಳಿದದ್ದು ಗುಡಿ ಮತ್ತು ಬರಹದ ಕಲ್ಲು. ಬಿ. ಎಲ್. ರೈಸ್ ಅವರು ಶಿಕಾರಿಪುರ ತಾಲ್ಲೂಕಿನ ಶಾಸನಗಳನ್ನು ಓದಿಸಿ 1902ರಲ್ಲಿ ಅಚ್ಚು ಹಾಕಿಸಿದರು. ಆ ಕಲ್ಲನ್ನು ಯಾರಾದರೂ ಬಟ್ಟೆ ಒಗೆಯಲೋ ಚರಂಡಿ ಮುಚ್ಚಲೋ ಒಯ್ದಿದ್ದರೆ ಆ ಪಂಕ್ತಿಯಲ್ಲಿ ಕೂತವರ ಸುದ್ದಿ ನಮಗೆ ತಿಳಿಯುತ್ತಲೇ ಇರಲಿಲ್ಲ. ನಮ್ಮ ದೇವದುರ್ಗದ ಗಬ್ಬೂರಿನಲ್ಲೂ ಹಳೆಯ ಗುಡಿಗಳಿವೆ, ಶಾಸನಗಳಿವೆ. ಅಲ್ಲಿಗೆ ಹೋದಾಗ ಬರಹದ ಕಲ್ಲು ಕಂಡರೆ ಅದರ ಮೇಲೆ ಸುಣ್ಣ ಬಳಿಯಬೇಡಿ, ಸೀಮೆಸುಣ್ಣದಿಂದ ಗೀಚಬೇಡಿ. ಬೆಳಗಿನ ಓರೆ ಬಿಸಿಲಿನಲ್ಲಿ ನಿಂತು ನೋಡಿ, ಅಕ್ಷರಗಳು ಎದ್ದು ಕಾಣುತ್ತವೆ. ಹಳಗನ್ನಡವಾದರೂ ನಿಮಗೆ ಗುರುತು ಹತ್ತುವ ಅಕ್ಷರ ಒಂದೆರಡಾದರೂ ಸಿಕ್ಕೇ ಸಿಗುತ್ತವೆ.