ಥಾಯ್ಲೆಂಡಿಗೆ ಹೊರಟೀರಾ? ಗಿಡ ಅಲ್ಲೇ ಬಿಟ್ಟು ಬರ್ರಿ

ಭತ್ತ, ಹಣ್ಣು, ತರಕಾರಿ ಬೀಜಕ್ಕೆ ಥಾಯ್ಲೆಂಡ್ ಹೆಸರಾದ ದೇಶ. ಬ್ಯಾಡಗಿಯ ಮೆಣಸಿನಕಾಯಿ ಬೆಳೆಗಾರರಿಗೆ, ರಾಣೇಬೆನ್ನೂರು ಕಡೆಯ ಬೀಜೋತ್ಪಾದಕರಿಗೆ, ಹಾವೇರಿಯ ರೈತರಿಗೆ ಅಲ್ಲಿ ನೋಡಿ ಕಲಿಯುವಂಥದ್ದು ಬಹಳ ಇದೆ. ಹೊರಡುವ ಮುಂಚೆ ಇಷ್ಟು ತಿಳಿದಿದ್ದರೆ ಒಳ್ಳೇದು.

ನಡವಳಿಕೆ: ಅಲ್ಲೂ ಕೈ ಮುಗಿಯುತ್ತಾರೆ, ಅದಕ್ಕೆ 'ವಾಯ್' ಅಂತಾರೆ. ಗಂಡಸರು 'ಸವಾದೀ ಖ್ರಪ್', ಹೆಂಗಸರು 'ಸವಾದೀ ಖಾ' ಎನ್ನಬೇಕು. ಪ್ರೀತಿಯಿಂದಲೂ ಮಕ್ಕಳ ತಲೆ ಸವರಬೇಡಿ. ಬುದ್ಧನ ಮೂರ್ತಿಯ ಕಡೆ, ಹಿರಿಯರ ಕಡೆ ಕಾಲು ಚಾಚಿ ಕೂಡಬಾರದು. ಹೆಂಗಸರು ಭಿಕ್ಷುಗಳನ್ನು ಮುಟ್ಟುವಂತಿಲ್ಲ. ಗುಡಿಗೆ ಹೋಗುವಾಗ ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಬೆಳಿಗ್ಗೆ 8ಕ್ಕೆ, ಸಂಜೆ 6ಕ್ಕೆ ರಾಷ್ಟ್ರಗೀತೆ ಕೇಳಿದರೆ ನಿಂತುಕೊಳ್ಳಿ. ರಾಜಮನೆತನದ ಬಗ್ಗೆ ಚೇಷ್ಟೆಗೂ ಹಗುರ ಮಾತು ಬೇಡ. ಅಪಮಾನ ಮಾಡಿದರೆ 3ರಿಂದ 15 ವರ್ಷ ಜೈಲು.

ಊಟ: ಬರೀ ತರಕಾರಿಯ ಪದಾರ್ಥಕ್ಕೂ 'ನಾಮ್ ಪ್ಲಾ' ಎಂಬ ಮೀನಿನ ರಸ ಹಾಕಿರುತ್ತಾರೆ. ಶಾಖಾಹಾರಿಗಳು 'ಜೇ' ಎಂದು ಕೇಳಬೇಕು. ಅದರಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇರೋದಿಲ್ಲ. ಬ್ಯಾಡಗಿ ಕಾಯಿ ತಿಂದ ರೂಢಿಯಲ್ಲಿ ಅಲ್ಲಿಯ ಸಣ್ಣ ಕಾಯಿ ಕಚ್ಚಬೇಡ್ರಿ. ನಮ್ಮದು ಬಣ್ಣಕ್ಕೆ, ಅವರದು ಖಾರಕ್ಕೆ.

ಹೊಲದಲ್ಲಿ: ಅಲ್ಲಿ ಎಕರೆ ಲೆಕ್ಕ ಇಲ್ಲ, 'ರೈ' ಲೆಕ್ಕ. ಒಂದು ರೈ ಅಂದರೆ 1,600 ಚದರ ಮೀಟರ್. ಸುಮಾರು ಎರಡೂವರೆ ರೈಗೆ ಒಂದು ಎಕರೆ. ಅವರು ಹೇಳಿದ ಇಳುವರಿ, ಖರ್ಚು ಎರಡನ್ನೂ ಎರಡೂವರೆಯಿಂದ ಗುಣಿಸಿ ನಮ್ಮದಕ್ಕೆ ಹೋಲಿಸಿ ನೋಡ್ರಿ. ಬೀಜ, ಔಷಧಿ ಪೊಟ್ಟಣದ ಮೇಲೆ 2568 ಎಂದಿದ್ದರೆ ಗಾಬರಿ ಬೇಡ. ಅದು ಬೌದ್ಧ ವರ್ಷ. 543 ಕಳೆದರೆ 2025.

ಬರುವಾಗ: ಎಲ್ಲಕ್ಕಿಂತ ಮುಖ್ಯ ಇದು. ಒಳ್ಳೇ ತಳಿ ಕಂಡರೆ ರೈತನ ಕೈ ಸುಮ್ಮನಿರೋದಿಲ್ಲ. ಒಂದು ಕಡ್ಡಿ, ನಾಲ್ಕು ಬೀಜ ಚೀಲಕ್ಕೆ ಸೇರಿಬಿಡುತ್ತವೆ. ಮೆಣಸಿನ ಹೂವಿನೊಳಗೆ ಕೂತು ಬೆಳೆ ಕೆಡಿಸುವ ಕಪ್ಪು ಥ್ರಿಪ್ಸ್ ನುಸಿಯ ಮೂಲ ಆಗ್ನೇಯ ಏಷ್ಯಾ. ನಮ್ಮ ದೇಶದಲ್ಲಿ ಅದು 2015ರಲ್ಲಿ ಪಪ್ಪಾಯಿ ಮೇಲೆ ಕಂಡಿತು. 2021ರಲ್ಲಿ ದಕ್ಷಿಣದ ರಾಜ್ಯಗಳ ಮೆಣಸಿನ ಹೊಲಗಳಿಗೆ ನುಗ್ಗಿತು. ಹೊಡೆದ ಔಷಧಿಗೂ ಬಗ್ಗದೆ ಹೂವು ಉದುರಿದ್ದನ್ನು ನಮ್ಮ ಕಡೆಯವರು ಕಂಡಿದ್ದಾರೆ. ಇಂಥ ಕೀಟ ಒಂದು ಎಲೆಯ ಮರೆಯಲ್ಲೂ ಬರಬಲ್ಲದು.

ಪರವಾನಗಿ ಮತ್ತು ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಬೀಜ, ಸಸಿ ತರಬಾರದು ಎಂಬುದು ಕಾನೂನು. ಮಣ್ಣಂತೂ ಬೇಡವೇ ಬೇಡ. ಹೊಲ ತಿರುಗಿದ ಚಪ್ಪಲಿ, ಬೂಟು ಅಲ್ಲೇ ತೊಳೆದುಕೊಳ್ಳಿ. ತಳಿ ಮನಸ್ಸಿಗೆ ಬಂದರೆ ಹೆಸರು ಬರೆದುಕೊಳ್ಳಿ, ಕೇಳಿ ಫೋಟೋ ತೆಗೆದುಕೊಳ್ಳಿ. ಊರಿಗೆ ಬಂದು ತೋಟಗಾರಿಕೆ ಇಲಾಖೆಯಲ್ಲೋ ಕೃಷಿ ವಿಶ್ವವಿದ್ಯಾಲಯದಲ್ಲೋ ವಿಚಾರಿಸಿ.