ಗರಡಿಯ ಮಣ್ಣು

ಗರಡಿಮನೆ ಎಂಬ ಮಾತು ಕಿವಿಗೆ ಬಿದ್ದೊಡನೆ ಇಂದು ಅನೇಕರ ಕಣ್ಣೆದುರು ನಿಲ್ಲುವ ಚಿತ್ರ ಒಂದೇ. ಹುರಿಮೀಸೆ, ಉಬ್ಬಿದ ತೋಳು, ಕೊರಳಿಗೆ ಕಟ್ಟಿದ ಕರಿಯ ದಾರ, ಯಾರದೋ ಅಪ್ಪಣೆಗಾಗಿ ಕಾದು ನಿಂತ ಕ್ರೂರವಾದ ನೋಟ. ಈ ಚಿತ್ರವನ್ನು ಅವರು ಗರಡಿಯಲ್ಲಿ ಕಂಡವರಲ್ಲ. ಚಲನಚಿತ್ರದ ತೆರೆಯ ಮೇಲೆ ಕಂಡವರು. ಕಥಾನಾಯಕನಿಂದ ಏಟು ತಿಂದು ಉರುಳುವುದಕ್ಕಾಗಿಯೇ ಹುಟ್ಟಿದವನಂತೆ ಪೈಲ್ವಾನನನ್ನು ಅಲ್ಲಿ ಎಷ್ಟೋ ಸಲ ತೋರಿಸಲಾಗಿದೆ. ನಿಜವಾದ ಗರಡಿಯ ಬಾಗಿಲನ್ನು ಒಮ್ಮೆಯೂ ದಾಟದವರು ಆ ಚಿತ್ರವನ್ನೇ ಸತ್ಯವೆಂದು ನಂಬಿದರೆ ಆಶ್ಚರ್ಯವಿಲ್ಲ. ಆದರೆ ಹಾಗೆ ನಂಬುವುದರಿಂದ ಆಗುವ ನಷ್ಟ ಸಣ್ಣದಲ್ಲ.

ನಿಜವಾದ ಗರಡಿಯ ದಿನ ಬೆಳಗಾಗುವ ಮುನ್ನವೇ ಆರಂಭವಾಗುತ್ತದೆ. ಪಾದರಕ್ಷೆಗಳನ್ನು ಹೊರಗೆ ಬಿಟ್ಟು, ಬಾಗಿ ಒಳಹೊಕ್ಕ ಹುಡುಗರು ಮೊದಲು ಹನುಮಂತನಿಗೆ ಕೈಮುಗಿಯುತ್ತಾರೆ. ಬಳಿಕ ಅಖಾಡದ ಮಣ್ಣನ್ನು ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಾರೆ. ಆ ಮೇಲಿನ ಕೆಲಸ ಕುಸ್ತಿಯಲ್ಲ, ಗುದ್ದಲಿಯದು. ಹಿಂದಿನ ದಿನದ ಕಾಲ್ತುಳಿತಕ್ಕೆ ಗಟ್ಟಿಯಾದ ನೆಲವನ್ನು ಅಗೆದು, ಹೆಂಟೆ ಒಡೆದು, ಕಲ್ಲುಹರಳುಗಳನ್ನು ಆರಿಸಿ ತೆಗೆದು ಹದಗೊಳಿಸಬೇಕು. ಈ ಮಣ್ಣು ಸಾಮಾನ್ಯವಾದ ಮಣ್ಣಲ್ಲ. ಜರಡಿ ಹಿಡಿದ ನಯವಾದ ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆಯ ರಸ, ಕರ್ಪೂರ ಮೊದಲಾದವುಗಳನ್ನು ಬೆರೆಸಿ ಸಿದ್ಧಪಡಿಸಿದ್ದು. ಮೈಸೂರಿನ ಕಡೆ ಇದನ್ನು ಮಟ್ಟಿ ಎನ್ನುತ್ತಾರೆ. ಆದುದರಿಂದಲೇ ಆ ಕುಸ್ತಿಗೆ ಮಟ್ಟಿಕುಸ್ತಿ ಎಂಬ ಹೆಸರೂ ಉಂಟು. ಬಿದ್ದವನಿಗೆ ಪೆಟ್ಟಾಗದಂತೆ ನೆಲವನ್ನು ಮೆದುವಾಗಿ ಇಟ್ಟುಕೊಳ್ಳುವುದೇ ಗರಡಿಯ ಮೊದಲ ಪಾಠ. ತಾನು ನಾಳೆ ಯಾರನ್ನು ಕೆಡಹಬೇಕೋ ಅವನಿಗಾಗಿ ಇಂದು ಮಣ್ಣನ್ನು ಮೃದುಗೊಳಿಸುವವನನ್ನು ಕ್ರೂರಿ ಎಂದು ಕರೆಯಲು ಸಾಧ್ಯವೇ?

ಮಣ್ಣು ಹದವಾದ ಮೇಲೆ ಸಾಮು. ದಂಡ, ಬಸ್ಕಿ, ಗದೆ ತಿರುಗಿಸುವುದು, ಗುಂಡುಕಲ್ಲು ಎತ್ತುವುದು ಇವೆಲ್ಲ ಅದರ ಅಂಗಗಳು. ಹೊಸದಾಗಿ ಸೇರಿದ ಬಾಲಕನನ್ನು ಕೂಡಲೇ ಜೋಡಿಗೆ ಬಿಡುವ ಪದ್ಧತಿ ಒಳ್ಳೆಯ ಗರಡಿಯಲ್ಲಿ ಇಲ್ಲ. ಅವನ ಕೊರಳು, ಸೊಂಟ, ಮಂಡಿಗಳು ಬಲಗೊಳ್ಳುವವರೆಗೆ ಅವನು ಕಾಯಬೇಕು. ಅನಂತರ ಕಲಿಸುವುದು ಗೆಲ್ಲುವುದನ್ನಲ್ಲ, ಬೀಳುವುದನ್ನು. ಕೈಯನ್ನು ನೆಲಕ್ಕೆ ಊರದೆ, ಕತ್ತನ್ನು ಒಳಕ್ಕೆ ಸೆಳೆದುಕೊಂಡು, ಮೈಯನ್ನು ಉರುಳಿಸಿಕೊಂಡು ಬೀಳುವುದನ್ನು ಕಲಿತವನಿಗೆ ಮಾತ್ರ ಪಟ್ಟುಗಳ ಉಪದೇಶ. ಇವೆಲ್ಲವನ್ನೂ ನಿಂತು ನೋಡಿಕೊಳ್ಳುವವನು ಉಸ್ತಾದ. ಯಾವ ಹುಡುಗನಿಗೆ ಯಾವ ಪಟ್ಟನ್ನು ಯಾವಾಗ ಕಲಿಸಬೇಕು, ಯಾರಿಗೆ ಯಾರು ತಕ್ಕ ಜೋಡಿ, ಯಾರ ಮೈಯಲ್ಲಿ ನೋವಿದೆ ಎಂಬುದನ್ನು ಅವನು ಬಲ್ಲ. ಅವನು ‘ಸಾಕು’ ಎಂದರೆ ಅಲ್ಲಿಗೆ ಸಾಕು.

ಕಣದಲ್ಲಿಯೂ ಕಟ್ಟುಪಾಡುಗಳುಂಟು. ಗುದ್ದಕೂಡದು, ಪರಚಕೂಡದು, ಕೂದಲು ಹಿಡಿದು ಎಳೆಯಕೂಡದು, ಬೆರಳನ್ನು ತಿರುಚಕೂಡದು. ಉಗುರು ಕತ್ತರಿಸಿಕೊಂಡು ಬರಬೇಕು. ಎದುರಾಳಿಯ ಬೆನ್ನನ್ನು ನೆಲಕ್ಕೆ ತಾಗಿಸಿ ಅವನನ್ನು ಚಿತ್ ಮಾಡಿದೊಡನೆ ಕಾದಾಟ ಮುಗಿಯಿತು. ಆ ಬಳಿಕ ಅವನ ಮೈಮೇಲೆ ಕೈಯಿಡುವುದು ಅಪರಾಧ. ಜೋಡಿ ಕಟ್ಟುವುದು ಇನ್ನೊಂದು ಮುಖ್ಯವಾದ ಕ್ರಮ. ಮೈಸೂರಿನಲ್ಲಿ ದಸರಾ ಕುಸ್ತಿಗೆ ಕೆಲವು ದಿನ ಮೊದಲು ಪೈಲ್ವಾನರನ್ನೂ ಉಸ್ತಾದರನ್ನೂ ಕೂಡಿಸಿ, ತೂಕ, ವಯಸ್ಸು, ಅನುಭವಗಳನ್ನು ನೋಡಿ ಸಮಬಲರನ್ನು ಜೋಡಿಯಾಗಿ ಗೊತ್ತುಮಾಡುತ್ತಾರೆ. ಬಲಿಷ್ಠನು ದುರ್ಬಲನನ್ನು ಹಣಿಯುವುದು ಅಲ್ಲಿ ಆಟವೂ ಅಲ್ಲ, ಶೌರ್ಯವೂ ಅಲ್ಲ.

ಈ ವಿದ್ಯೆ ನೆನ್ನೆ ಮೊನ್ನೆ ಹುಟ್ಟಿದ್ದಲ್ಲ. ವಿರಾಟನ ನಗರಿಯಲ್ಲಿ ಅಡಿಗೆಯವನಾಗಿದ್ದ ಭೀಮಸೇನನು ಜೀಮೂತನೆಂಬ ಮಲ್ಲನನ್ನು ಸೋಲಿಸಿದ ಕಥೆ ಮಹಾಭಾರತದಲ್ಲಿದೆ. ೧೨ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ಸಂಸ್ಕೃತ ಗ್ರಂಥ ಮಾನಸೋಲ್ಲಾಸದಲ್ಲಿ ಮಲ್ಲರ ಪೋಷಣೆ, ಅಭ್ಯಾಸ, ಕಾಳಗಗಳನ್ನು ಕುರಿತ ಪ್ರಕರಣವೇ ಇದೆ. ಮೈಸೂರಿನ ಒಡೆಯರು ಜಟ್ಟಿಗಳನ್ನೂ ಪೈಲ್ವಾನರನ್ನೂ ಪೋಷಿಸಿದರು. ಕೊಲ್ಲಾಪುರದ ಶಾಹು ಮಹಾರಾಜರು ನೀಡಿದ ಆಶ್ರಯದಿಂದ ಆ ಪ್ರಾಂತ ಕುಸ್ತಿಯ ಕಾಶಿ ಎನಿಸಿತು. ಅದರ ನೆರೆಯ ಬೆಳಗಾವಿ, ಧಾರವಾಡಗಳ ಹಳ್ಳಿಗಳಲ್ಲಿ ಜಾತ್ರೆಯೆಂದರೆ ಕುಸ್ತಿ ಇರಲೇಬೇಕು. ಹಲಗೆಯ ಸದ್ದಿಗೆ ಊರಿಗೆ ಊರೇ ಅಖಾಡದ ಸುತ್ತ ನೆರೆಯುವುದುಂಟು. ತುಳುನಾಡಿನಲ್ಲಂತೂ ಕೋಟಿ ಚೆನ್ನಯರೆಂಬ ವೀರರ ಆರಾಧನೆಯ ಸ್ಥಾನಗಳಿಗೇ ಗರಡಿ ಎಂಬ ಹೆಸರಿದೆ.

ಗರಡಿಯ ಭಾಷೆಯನ್ನು ಗಮನಿಸಿದರೂ ಒಂದು ಸತ್ಯ ಹೊಳೆಯುತ್ತದೆ. ಉಸ್ತಾದ, ಪೈಲ್ವಾನ ಎಂಬುವು ಪಾರಸಿಯಿಂದ ಬಂದ ಮಾತುಗಳು. ಮಲ್ಲ, ದಂಡ, ಗದೆ ಎಂಬುವು ಸಂಸ್ಕೃತದವು. ಪಟ್ಟು, ಸೆಣಸು ಎಂಬುವು ದೇಶ್ಯ. ಮಾತುಗಳು ಬೆರೆತಂತೆಯೇ ಜನರೂ ಅಲ್ಲಿ ಬೆರೆತಿದ್ದಾರೆ. ಹಿಂದೂ ಪೈಲ್ವಾನನಿಗೆ ಮುಸಲ್ಮಾನ ಉಸ್ತಾದ, ಮುಸಲ್ಮಾನ ಹುಡುಗನಿಗೆ ಹಿಂದೂ ಗುರು ಎಂಬುದು ಅಲ್ಲಿ ಹೊಸ ಸಂಗತಿಯಲ್ಲ. ಒಂದೇ ಮಣ್ಣನ್ನು ಮೈಗೆ ಬಳಿದುಕೊಂಡವರಲ್ಲಿ ಯಾರು ಯಾವ ಕೇರಿಯವರೆಂದು ಗುರುತಿಸುವುದು ಕಷ್ಟ.

ಇಂತಹ ವಿದ್ಯೆಗೆ ಕೆಟ್ಟ ಹೆಸರು ಬಂದದ್ದು ಹೇಗೆ? ಚಲನಚಿತ್ರದ ಮಾತು ಆಗಲೇ ಬಂದಿತು. ಪತ್ರಿಕೆಗಳ ಸಂಗತಿ ಬೇರೆ. ವಿಜಯದಶಮಿಯಂದು ಮೈಸೂರು ಅರಮನೆಯಲ್ಲಿ ಜಟ್ಟಿಗಳು ವಜ್ರಮುಷ್ಟಿ ಕಾಳಗವನ್ನು ನಡೆಸುತ್ತಾರೆ. ಅದೊಂದು ಪರಂಪರಾಗತ ಆಚರಣೆ; ಒಬ್ಬನ ತಲೆಯಲ್ಲಿ ರಕ್ತ ಕಾಣಿಸಿಕೊಂಡೊಡನೆ ಅದು ನಿಲ್ಲುತ್ತದೆ. ಮರುದಿನದ ಪತ್ರಿಕೆಯಲ್ಲಿ ರಕ್ತದ ಆ ಚಿತ್ರವನ್ನು ನೋಡಿದವನು ಕುಸ್ತಿಯೆಲ್ಲವೂ ಹೀಗೆಯೇ ಎಂದು ತಿಳಿದುಬಿಡುತ್ತಾನೆ. ಎಲ್ಲಿಯಾದರೂ ಹೊಡೆದಾಟವಾಗಿ ಆರೋಪಿಗಳಲ್ಲಿ ಒಬ್ಬ ಎಂದೋ ಗರಡಿಗೆ ಹೋದವನಾಗಿದ್ದರೆ ಆ ಸಂಗತಿ ಸುದ್ದಿಯ ತಲೆಬರಹಕ್ಕೆ ಏರುತ್ತದೆ. ಅದೇ ಗರಡಿಯಲ್ಲಿ ದಿನವೂ ಸಾಮು ಮಾಡಿ, ಸ್ನಾನ ಮುಗಿಸಿ, ತರಕಾರಿ ಮಾರಲೋ ಮರಗೆಲಸಕ್ಕೋ ಶಾಲೆಗೋ ಹೋದವರ ವಿಷಯ ಸುದ್ದಿಯಾಗುವುದಿಲ್ಲ. ಏಟು ಒಂದು ಗಳಿಗೆಯ ಕೆಲಸ, ಅದನ್ನು ತೋರಿಸುವುದು ಸುಲಭ. ಶಿಸ್ತು ಹತ್ತು ವರ್ಷದ ಕೆಲಸ, ಅದನ್ನು ತೋರಿಸುವುದು ಕಷ್ಟ. ದ್ವೇಷಕ್ಕಿಂತ ಹೆಚ್ಚಾಗಿ ಈ ಕಷ್ಟವೇ ತಪ್ಪು ಚಿತ್ರಣಕ್ಕೆ ಕಾರಣವೆನ್ನಬಹುದು.

ದೂರದರ್ಶನದ ಪರದೆಯ ಮೇಲೆ ೧೯೯೦ರ ದಶಕದಲ್ಲಿ ನಮ್ಮ ಮನೆಗಳನ್ನು ಹೊಕ್ಕ ಅಮೆರಿಕದ ವೃತ್ತಿಕುಸ್ತಿ ಮತ್ತಷ್ಟು ಗೊಂದಲವನ್ನು ತಂದಿತು. ಕುರ್ಚಿಯಿಂದ ಬಡಿಯುವ, ಹಗ್ಗದ ಕಟ್ಟೆಯ ಮೇಲಿಂದ ಎದುರಾಳಿಯ ಎದೆಗೆ ಹಾರುವ ಆ ದೃಶ್ಯಗಳು ಸೋಲು ಗೆಲುವುಗಳನ್ನು ಮೊದಲೇ ಗೊತ್ತುಮಾಡಿಕೊಂಡ ಪ್ರದರ್ಶನಗಳು. ಅದು ಸ್ಪರ್ಧೆಯಲ್ಲ, ಮನರಂಜನೆ ಎಂದು ಅಲ್ಲಿನ ಪ್ರಮುಖ ಸಂಸ್ಥೆಯೇ ೧೯೮೯ರಲ್ಲಿ ನ್ಯೂಜೆರ್ಸಿ ರಾಜ್ಯದ ಶಾಸಕರ ಮುಂದೆ ಒಪ್ಪಿಕೊಂಡಿತು. ಅಂತಹ ಆಟಗಾರರೂ ವರ್ಷಗಟ್ಟಲೆ ಅಭ್ಯಾಸ ಮಾಡಿದವರೇ. ಆದರೆ ನೋಡುವ ಮಗುವಿಗೆ ಆ ಅಭ್ಯಾಸ ಕಾಣದು. ಅಮೆರಿಕದಲ್ಲಿಯೇ ಅನೇಕ ತರುಣರು ತಮ್ಮ ಮನೆಯ ಹಿತ್ತಲಿನಲ್ಲಿ ಅದನ್ನು ಅನುಕರಿಸತೊಡಗಿದರು. ಅವರಲ್ಲಿ ಕೆಲವರು ಮುಳ್ಳುತಂತಿ, ಗಾಜಿನ ದೀಪಗಳನ್ನು ಬಳಸಿ ಗಾಯಗೊಂಡರು. ಮೆತ್ತೆ ಹಾಸಿ, ಪಟ್ಟುಗಳನ್ನು ಮೊದಲೇ ಮಾತಾಡಿಕೊಂಡು, ಎಚ್ಚರಿಕೆಯಿಂದ ಆಡಿದವರೂ ಇದ್ದರು. ಸುದ್ದಿಯಾದದ್ದು ಹೆಚ್ಚಾಗಿ ಮುಳ್ಳುತಂತಿ, ಮೆತ್ತೆಯಲ್ಲ. ಹಿತ್ತಲಿರಲಿ, ಗರಡಿಯಿರಲಿ, ಎಚ್ಚರಿಕೆಯುಳ್ಳವನ ಪಾಡು ಎಲ್ಲ ದೇಶಗಳಲ್ಲಿಯೂ ಒಂದೇ.

ಹಾಗೆಂದು ಗರಡಿಗಳಲ್ಲಿ ದೋಷವೇ ಇಲ್ಲವೆಂದು ಹೇಳುವುದು ಇನ್ನೊಂದು ಬಗೆಯ ಅಸತ್ಯವಾದೀತು. ಮೈಬಲವನ್ನು ಹಣಕ್ಕೆ ಮಾರಿಕೊಂಡು, ಬೆದರಿಸುವ ಕೆಲಸಕ್ಕೆ ನಿಂತವರು ಇದ್ದಾರೆ. ತಕ್ಕ ಗುರುವಿಲ್ಲದ ಕಡೆ ಕೈಕಾಲು ಮುರಿದುಕೊಂಡ ಹುಡುಗರೂ ಇದ್ದಾರೆ. ಪದೇ ಪದೇ ಉಜ್ಜಿ, ರಕ್ತ ಕಟ್ಟಿ, ಕಿವಿ ಮುದುಡಿಹೋಗುವುದು ಪೈಲ್ವಾನರಲ್ಲಿ ಸಾಮಾನ್ಯ. ಒಡನೆ ಚಿಕಿತ್ಸೆ ಮಾಡಿದರೆ ಅದನ್ನು ತಪ್ಪಿಸಬಹುದು. ಹೆಣ್ಣುಮಕ್ಕಳಿಗೆ ಗರಡಿಯ ಬಾಗಿಲು ಬಹುಕಾಲ ಮುಚ್ಚಿತ್ತೆಂಬುದಂತೂ ನಾಚಿಕೆಯ ಸಂಗತಿ. ೨೦೧೬ರ ರಿಯೊ ಒಲಿಂಪಿಕ್ಸಿನಲ್ಲಿ ಹರಿಯಾಣದ ಸಾಕ್ಷಿ ಮಲಿಕ್ ಕಂಚಿನ ಪದಕ ಗೆದ್ದಾಗ ಆ ಮುಚ್ಚಿದ ಬಾಗಿಲು ಎಷ್ಟು ಅನ್ಯಾಯದ್ದೆಂಬುದು ದೇಶಕ್ಕೇ ತಿಳಿಯಿತು. ಮೈಸೂರಿನ ದಸರೆಯಲ್ಲಿಯೂ ಇಂದು ಮಹಿಳೆಯರ ಸ್ಪರ್ಧೆ ನಡೆಯುತ್ತದೆ. ಗೆದ್ದವಳಿಗೆ ‘ದಸರಾ ಕಿಶೋರಿ’ ಎಂಬ ಬಿರುದು ಸಲ್ಲುತ್ತದೆ. ದೋಷವನ್ನು ತಿದ್ದಬೇಕಾದರೆ ಅದನ್ನು ಇದ್ದಷ್ಟೇ ತೋರಿಸಬೇಕು. ಇರುವುದಕ್ಕಿಂತ ದೊಡ್ಡದಾಗಿ ತೋರಿಸಿದರೆ ತಿದ್ದಬಲ್ಲವರೂ ದೂರ ಸರಿಯುತ್ತಾರೆ.

ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಗೋಳೇಶ್ವರವೆಂಬ ಹಳ್ಳಿಯ ಖಾಶಾಬಾ ಜಾಧವರು ಇಂತಹ ಮಣ್ಣಿನಲ್ಲಿಯೇ ಕುಸ್ತಿ ಕಲಿತವರು. ೧೯೪೮ರ ಲಂಡನ್ ಒಲಿಂಪಿಕ್ಸಿನಲ್ಲಿ ಅವರಿಗೆ ಆರನೆಯ ಸ್ಥಾನ ದೊರೆಯಿತು. ಮುಂದಿನ ಸಲದ ಪ್ರಯಾಣಕ್ಕೆ ಹಣವಿಲ್ಲದಾಗ ಊರಿನವರೂ ಹಿತೈಷಿಗಳೂ ಕೂಡಿಸಿಕೊಟ್ಟರು. ೧೯೫೨ರಲ್ಲಿ ಹೆಲ್ಸಿಂಕಿಯಲ್ಲಿ ಅವರು ಗೆದ್ದ ಕಂಚು ಸ್ವತಂತ್ರ ಭಾರತಕ್ಕೆ ಒಲಿಂಪಿಕ್ಸಿನಲ್ಲಿ ದೊರೆತ ಮೊದಲ ವೈಯಕ್ತಿಕ ಪದಕ. ಅಂತಹ ಇನ್ನೊಂದು ಪದಕಕ್ಕಾಗಿ ದೇಶ ೧೯೯೬ರವರೆಗೆ, ಎಂದರೆ ೪೪ ವರ್ಷ ಕಾಯಬೇಕಾಯಿತು. ಜಾಧವರು ೧೯೮೪ರಲ್ಲಿ ತೀರಿಕೊಂಡರು. ಅರ್ಜುನ ಪ್ರಶಸ್ತಿ ಅವರಿಗೆ ಸಂದದ್ದು ಮರಣಾನಂತರ. ತೆರೆಯ ಮೇಲಿನ ಪೈಲ್ವಾನನನ್ನು ಎಲ್ಲರೂ ಬಲ್ಲರು. ಈ ಪೈಲ್ವಾನರ ಹೆಸರನ್ನು ಬಲ್ಲವರು ಎಷ್ಟು ಮಂದಿ?

ತಪ್ಪು ಚಿತ್ರಣದ ಬೆಲೆಯನ್ನು ತೆರುವವರು ಪ್ರಸಿದ್ಧ ಪೈಲ್ವಾನರಲ್ಲ, ಚಿಕ್ಕ ಹುಡುಗರು. ಗರಡಿಗೆ ಸೇರುತ್ತೇನೆಂದು ಮಗ ಕೇಳಿದಾಗ, ಪುಂಡರ ಸಹವಾಸ ಬೇಡವೆಂದು ತಂದೆ ಗದರಿಸುತ್ತಾನೆ. ಹುಡುಗರಿಲ್ಲದ ಗರಡಿಯಲ್ಲಿ ಮಣ್ಣು ಗಟ್ಟಿಯಾಗುತ್ತದೆ, ಉಸ್ತಾದನಿಗೆ ವಯಸ್ಸಾಗುತ್ತದೆ, ಒಂದು ದಿನ ಬಾಗಿಲಿಗೆ ಬೀಗ ಬೀಳುತ್ತದೆ. ಇತ್ತ ಆ ಹುಡುಗನ ಆಸೆಯೇನೂ ಸಾಯುವುದಿಲ್ಲ. ಪರದೆಯ ಮೇಲೆ ಕಂಡ ಪಟ್ಟನ್ನು ಅವನು ಗೆಳೆಯನ ಮೇಲೆ ಸಿಮೆಂಟಿನ ನೆಲದಲ್ಲಿ ಪ್ರಯೋಗಿಸುತ್ತಾನೆ. ಅಲ್ಲಿ ಅಗೆದ ಮಣ್ಣಿಲ್ಲ, ಬೀಳುವುದನ್ನು ಕಲಿಸಿದವರಿಲ್ಲ, ‘ಸಾಕು’ ಎನ್ನುವವರಿಲ್ಲ. ಯಾವ ಅಪಾಯಕ್ಕೆ ಅಂಜಿ ತಂದೆ ಗರಡಿಯನ್ನು ನಿಷೇಧಿಸಿದನೋ ಆ ಅಪಾಯಕ್ಕೆ ಮಗ ಗರಡಿಯ ಹೊರಗೆ ಈಡಾಗುತ್ತಾನೆ.

ಆದುದರಿಂದ ಯಾವ ವಿದ್ಯೆಯನ್ನೇ ಆಗಲಿ ಅದರ ನೆರಳನ್ನು ನೋಡಿ ಅಳೆಯಬಾರದು. ಊರಿನಲ್ಲಿ ಗರಡಿ ಇದ್ದರೆ ಒಂದು ಮುಂಜಾನೆ ಹೋಗಿ ನಿಂತು ನೋಡಬೇಕು. ಅಲ್ಲಿ ಗುದ್ದಲಿ ಯಾರ ಕೈಯಲ್ಲಿದೆ, ಸೋತವನನ್ನು ಗೆದ್ದವನು ಹೇಗೆ ನಡೆಸಿಕೊಳ್ಳುತ್ತಾನೆ, ಹಿರಿಯನ ಮಾತಿಗೆ ಬೆಲೆಯಿದೆಯೇ ಎಂಬುದನ್ನು ಗಮನಿಸಬೇಕು. ಒಳ್ಳೆಯ ಗರಡಿ ಯಾವುದು, ಕೆಟ್ಟದ್ದು ಯಾವುದು ಎಂಬುದು ಆಗ ತಾನಾಗಿಯೇ ತಿಳಿಯುತ್ತದೆ. ಕಣದಲ್ಲಿ ಎದುರಾಳಿಯನ್ನು ಕೆಡಹಿದ ಹುಡುಗ ಮರುಗಳಿಗೆಯಲ್ಲಿ ಕೈನೀಡಿ ಅವನನ್ನು ಮೇಲೆತ್ತುತ್ತಾನೆ. ಇಬ್ಬರೂ ಪರಸ್ಪರರ ಬೆನ್ನಿನ ಮಣ್ಣನ್ನು ಕೊಡವುತ್ತಾರೆ. ಗರಡಿಯ ನಿಜವಾದ ಚಿತ್ರ ಅದು.