ಪಾರಂಪಳ್ಳಿಯ ಹೊಳೆಯಲ್ಲಿ ಪರದೇಶಿ ಮೀನಿನ ಬೆನ್ನು ಹತ್ತಿ

ಉಡುಪಿ ಜಿಲ್ಲೆಯ ಸಾಲಿಗ್ರಾಮ ಪೇಟೆಯಲ್ಲಿ ಹೆದ್ದಾರಿ ಬಿಟ್ಟು ಪಡುವಣಕ್ಕೆ ತಿರುಗಿದರೆ, ತೆಂಗಿನ ತೋಟಗಳ ನಡುವಿನ ದಾರಿ ಪಾರಂಪಳ್ಳಿಯ ಹೊಳೆಬದಿಗೆ ಮುಟ್ಟಿಸುತ್ತದೆ. ಘಟ್ಟದಲ್ಲಿ ಹುಟ್ಟಿದ ಸೀತಾನದಿ ಇಲ್ಲಿಗೆ ಬರುವಷ್ಟರಲ್ಲಿ ಅಗಲವಾಗಿ, ಕುದ್ರುಗಳನ್ನು (ನಡುಗಡ್ಡೆಗಳನ್ನು) ಬಳಸಿಕೊಂಡು ನಿಧಾನವಾಗಿ ಸಾಗುತ್ತದೆ. ಮುಂದೆ ಸ್ವರ್ಣಾ ನದಿಯ ಜೊತೆಗೂಡಿ ಕೋಡಿಬೆಂಗ್ರೆಯ ಅಳಿವೆಯಲ್ಲಿ ಕಡಲು ಸೇರುತ್ತದೆ.

ಪ್ರವಾಸಿಗರು ಇಲ್ಲಿಗೆ ಬರುವುದು ಕಯಾಕಿಂಗ್‌ಗೆ. ಲೈಫ್ ಜಾಕೆಟ್ ತೊಟ್ಟು, ಮುಂದೆ ಸಾಗುವ ಮಾರ್ಗದರ್ಶಿಯ ಹಿಂದೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಓಣಿಯೊಳಗೆ ನುಗ್ಗುವ ಸುಖವೇ ಬೇರೆ. ಬೆಳಿಗ್ಗೆ ನಾನೂ ಅದನ್ನು ಸವಿದೆ. ಆದರೆ ನಾನು ಬಂದದ್ದು ಮೀನಿಗಾಗಿ. ಸಂಜೆ ಪರಿಚಯದ ಮೀನುಗಾರರೊಬ್ಬರ ದೋಣಿ ಹತ್ತಿದೆ.

"ಹ್ವಾಯ್, ಆ ಬದಿಗ್ ಕೂಕಣಿ," ಎಂದವರೇ ಬಿದಿರಿನ ಗಳ ಊರಿ ದೋಣಿಯನ್ನು ದಡದಿಂದ ನೂಕಿದರು. ಭರತ ಮುಗಿದು ನೀರು ಇಳಿಯತೊಡಗಿತ್ತು. ಕಾಂಡ್ಲಾ ಬೇರುಗಳ ಸಂದಿಯಲ್ಲಿ ಮೇಯಲು ಹೋದ ಮೀನು ಹೊರಬರುವುದು ಈಗಲೇ. ಬಲೆ ಭುಜದ ಮೇಲಿಂದ ತಿರುಗಿ, ದುಂಡಗೆ ಬಿಚ್ಚಿಕೊಂಡು ಬಿತ್ತು. ಅಂಚಿನ ಸೀಸದ ಮಣಿಗಳು ನೀರು ಮುಟ್ಟಿದ ಸದ್ದು ಸಣ್ಣ ಮಳೆ ಸುರಿದಂತೆ ಕೇಳಿಸಿತು.

ಬಲೆಯಲ್ಲಿ ಎರಡು ಇರ್ಪೆ ಇದ್ದವು, ಕೇರಳದವರು ಪ್ರಾಣ ಬಿಡುವ ಕರಿಮೀನು. ಬೆರಳುದ್ದದ ಕಾಣೆ ಮರಿಯನ್ನು ಅವರು ಕೂಡಲೇ ಹೊಳೆಗೆ ಬಿಟ್ಟರು. ಉಳಿದದ್ದು ಅಂಗೈಯಗಲದ ಬೂದು ಮೀನು, ತಿಲಾಪಿಯ. ಅದನ್ನು ಬಕೆಟ್ಟಿಗೆ ಹಾಕಿದ್ದೇ ತಡ, ಬಾಯೊಳಗಿಂದ ಅಕ್ಕಿಕಾಳಿನಷ್ಟುದ್ದದ ಮರಿಗಳು ಬಳಬಳ ಸುರಿದವು. ಎಣಿಸಲು ಹೋಗಿ ಎಪ್ಪತ್ತಕ್ಕೆ ಕೈಬಿಟ್ಟೆ. ಮೊಟ್ಟೆಯನ್ನೂ ಮರಿಯನ್ನೂ ತಾಯಿ ಬಾಯಲ್ಲೇ ಇಟ್ಟು ಕಾಯುವ ಜಾತಿ ಇದು. ಅಷ್ಟು ಭದ್ರವಾಗಿ ಬೆಳೆದ ಮರಿಗಳು ಬದುಕುವ ಸಾಧ್ಯತೆ ಹೆಚ್ಚು.

"ಇದನ್ನ್ ವಾಪಾಸ್ ಹೊಳಿಗ್ ಬಿಡೂಕಾಗ ಮರಾಯ್ರೆ," ಎನ್ನುತ್ತಾ ದೊಡ್ಡ ಮೀನನ್ನು ಬುಟ್ಟಿಗೆ ಹಾಕಿದರು. ದಡಕ್ಕೆ ಬಂದಾಗ ಮರಿಗಳಿದ್ದ ನೀರನ್ನು ತೆಂಗಿನ ಬುಡಕ್ಕೆ ಸುರಿದರು. ನನಗೆ ಕರುಳು ಚುರುಕ್ಕೆಂದಿತು. ಆದರೂ ಅವರು ಮಾಡಿದ್ದೇ ಸರಿ.

ಆಫ್ರಿಕಾ ಮೂಲದ ಈ ತಿಲಾಪಿಯವನ್ನು ಭಾರತಕ್ಕೆ ತಂದದ್ದು 1952ರಲ್ಲಿ, ಅಗ್ಗದ ಆಹಾರವಾದೀತೆಂದು. ಹಾವಳಿ ಅರಿವಾಗಿ 1959ರಲ್ಲಿ ಹರಡದಂತೆ ನಿರ್ಬಂಧ ಹಾಕಿದರು. ಅದೇ 1959ರಲ್ಲಿ ಚೀನಾ ಮೂಲದ ಬೆಳ್ಳಿಗೆಂಡೆಯೂ ನಮ್ಮ ಕೆರೆಗಳಿಗೆ ಬಂತು. ಗೆಂಡೆ ಸಿಹಿನೀರಿನದು, ಅಳಿವೆಯ ಉಪ್ಪು ತಾಳಲಾರದು. ತಿಲಾಪಿಯಕ್ಕೆ ಮಾತ್ರ ಕಿಂಡಿ ಅಣೆಕಟ್ಟಿನ ಮೇಲಿನ ಸಿಹಿಯೂ ಸರಿ, ಕೆಳಗಿನ ಉಪ್ಪೂ ಸರಿ. ಗಂಡುಮೀನು ತಳದಲ್ಲಿ ಗುಳಿ ತೋಡಿ ತನ್ನ ಜಾಗ ಕಾಯುತ್ತದೆ. ಕಲ್ಲಿಗೋ ಮುಳುಗಿದ ಮರಕ್ಕೋ ಮೊಟ್ಟೆ ಅಂಟಿಸುವ ಇರ್ಪೆಗೆ ಇದರ ನೆರೆಹೊರೆ ಕಷ್ಟ.

ಪರದೇಶಿ ಮೀನಿನ ಹಾವಳಿ ಬೇರೆಡೆಯೂ ಇದೆ. ಅಮೆರಿಕದ ಇಲಿನಾಯ್ ನದಿಯಲ್ಲಿ ಇದೇ ಬೆಳ್ಳಿಗೆಂಡೆಯನ್ನು ಬಿಲ್ಲಿನಿಂದ ಹೊಡೆಯಲು ಪ್ರವಾಸಿಗರನ್ನು ದೋಣಿಯಲ್ಲಿ ಕರೆದೊಯ್ಯುತ್ತಾರೆ. 1970ರ ದಶಕದಲ್ಲಿ ಕೊಳ ಶುಚಿಮಾಡಲೆಂದು ತರಿಸಿದ ಮೀನು ತಪ್ಪಿಸಿಕೊಂಡು ಅಲ್ಲಿನ ನದಿಗಳನ್ನೇ ತುಂಬಿತು. ಎಂಜಿನ್ ಸದ್ದಿಗೆ ಅದು ಆಳೆತ್ತರ ಜಿಗಿಯುತ್ತದೆ. ಬಾಣಕ್ಕೆ ದಾರ ಕಟ್ಟಿರುತ್ತಾರೆ; ನೀರಿನೊಳಗಿನ ಮೀನಾದರೆ ಕಂಡ ಜಾಗಕ್ಕಿಂತ ಕೆಳಗೆ ಗುರಿ ಇಡಬೇಕು. ಇದನ್ನು ಹೇಳಿದಾಗ ನಮ್ಮ ಮೀನುಗಾರರು ನಕ್ಕರು: "ಈ ಕದಡ್ ನೀರಂಗೆ ಬಿಲ್ಲ್ ಎಂತಕ್ ಮರಾಯ್ರೆ?"

ಅವರ ಮಾತಿನಲ್ಲಿ ತೂಕವಿದೆ. ಬಾಣ ತಗುಲಿದ ಮೀನು ಯಾವುದೇ ಇರಲಿ, ಮತ್ತೆ ಹೊಳೆಗಿಲ್ಲ. ಬೀಸುಬಲೆಯಲ್ಲಾದರೆ ಇರ್ಪೆಯ ಮರಿ ಬಿಟ್ಟು ತಿಲಾಪಿಯ ಉಳಿಸಿಕೊಳ್ಳಬಹುದು. ಗಾಳವೂ ಆದೀತು. ಕಯಾಕ್‌ನಲ್ಲಿ ಜನರನ್ನು ಕರೆದೊಯ್ಯುವ ಊರಿನ ಹುಡುಗರೂ ಹೊಳೆಯನ್ನೇ ನಂಬಿದ ಮೀನುಗಾರರೂ ಕೂಡಿ ಸಂಜೆಯ ಗಾಳದ ಪ್ರವಾಸ ನಡೆಸಿದರೆ ನಾನು ಮೊದಲ ದೋಣಿಯಲ್ಲೇ ಇರುತ್ತೇನೆ.

ಬರುವುದಾದರೆ ಮಳೆಗಾಲ ಕಳೆದ ಮೇಲೆ ಬನ್ನಿ. ಭರತ–ಇಳಿತದ ಹೊತ್ತನ್ನು ಊರವರಲ್ಲಿ ಕೇಳಿಕೊಳ್ಳಿ. ಇನ್ನೊಂದು ಮಾತು. ಮನೆಯ ಗಾಜಿನ ತೊಟ್ಟಿಯ ಮೀನು ಸಾಕಲಾಗದೆ ಹೋದರೆ ಅಂಗಡಿಗೇ ಹಿಂದಿರುಗಿಸಿ. ಪುಣ್ಯ ಬಂದೀತೆಂದು ಹೊಳೆಗೆ ಬಿಡಬೇಡಿ.